ಇಂಜಿನ್ ನಿಲ್ಲಿಸುವ ದೂರ

ಹೊಸೂರಿನ ಮೂಕಂಡಪಲ್ಲಿಯಲ್ಲಿ ಬಾಡಿಗೆಗಿದ್ದ ಒಬ್ಬ ಕಂಪನಿ ಕೆಲಸಗಾರ ಭಾನುವಾರ ಸ್ನೇಹಿತರ ಜೊತೆ ಈಜಲು ಬಂದು ನಮ್ಮ ಡ್ಯಾಮಿನಲ್ಲಿ ಮುಳುಗಿಹೋದ. ಮೂರನೆಯ ದಿನ ಹೆಣ ಮೇಲೆ ಬಂತು. ಬಂದದ್ದು ಅಂತರಗಂಗೆ ಸೊಪ್ಪಿನ ಅಡಿಯಲ್ಲಿ. ನನಗೆ ಕಾಣಲಿಲ್ಲ. ಬೋಟಿನ ಹಿಂದೆ ನೀರಿನೊಳಗೆ ತಿರುಗುವ ಪ್ರೊಪೆಲ್ಲರಿಗೆ ನಾವು ಫ್ಯಾನು ಅನ್ನುತ್ತೇವೆ. ಆ ಫ್ಯಾನಿಗೆ ಏನೋ ಮೆತ್ತಗೆ ತಾಗಿದ ಹಾಗಾಯಿತು. ಸೊಪ್ಪಿನ ಬೇರು ಸುತ್ತಿಕೊಂಡಿರಬೇಕು, ಕಿತ್ತುಹೋಗಲಿ ಅಂತ ರೇಸು ಜಾಸ್ತಿ ಮಾಡಿದೆ.

ಹೆಣವನ್ನು ದಡಕ್ಕೆ ತಂದು, ಫ್ಯಾನು ಸೀಳಿದ್ದ ಮುಖಕ್ಕೆ ಪಂಚೆ ಮುಚ್ಚಿದೆವು. ಅವನ ತಂದೆ ಕೃಷ್ಣಗಿರಿ ಆಚೆಯ ಹಳ್ಳಿಯಿಂದ ಬಂದು ಎರಡು ದಿನದಿಂದ ಅಲ್ಲೇ ಕೂತಿದ್ದರು. ಹತ್ತಿರ ಬಂದು, "ಮೊಕ ಒಂದ್ಸಲ ತೋರ್ಸಪ್ಪ" ಅಂದರು. ನಾನು ಪಂಚೆಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಬ್ಯಾಡಿ ಅಯ್ಯ."

"ಮೀನು ತಿಂದ್ಬುಟ್ಟವಾ?"

"ಹೂಂ" ಅಂದೆ.

ಬೋಟು ನನ್ನದಲ್ಲ. ಡ್ಯಾಮಿನಲ್ಲಿ ಮೀನು ಹಿಡಿಸುವ ಗುತ್ತಿಗೆದಾರರದ್ದು. ನಾನು ಅದನ್ನು ನಡೆಸುವವನು. ಯಾರಾದರೂ ನೀರಿಗೆ ಬಿದ್ದರೆ ಪೊಲೀಸಿನವರಾಗಲಿ, ಫೈರಿನವರಾಗಲಿ ಮೊದಲು ನನಗೇ ಫೋನು ಮಾಡುತ್ತಾರೆ, ಯಾಕೆಂದರೆ ನೀರಿನ ಪಕ್ಕದಲ್ಲಿ ಇರುವವನು ನಾನು. ಜೊತೆಗೆ ನನ್ನ ಹೆಂಡತಿಯ ತಮ್ಮ. ಅವನು ಬೋಟಿನ ಮೂತಿಯಲ್ಲಿ ಬಿದಿರು ಗಳ ಹಿಡಿದು ನಿಲ್ಲುತ್ತಾನೆ. ಕೈಗೆ ಸಿಕ್ಕಿದ್ದನ್ನು ಎಳೆದುಕೊಳ್ಳುವುದು ಅವನ ಕೆಲಸ, ಸಿಕ್ಕುವಷ್ಟು ಹತ್ತಿರ ಬೋಟು ಒಯ್ಯುವುದು ನನ್ನ ಕೆಲಸ.

ನನಗೆ ಬೋಟು ಕಲಿಸಿದ ಮುದುಕ ಒಂದು ಪದ್ಧತಿ ಹೇಳಿಕೊಟ್ಟಿದ್ದ. ಹೆಣದ ಹತ್ತಿರ ಶಬ್ದ ಮಾಡಿಕೊಂಡು ಹೋಗಬಾರದು. ಮೂವತ್ತು ಮಾರು ದೂರ ಇರುವಾಗಲೇ ಇಂಜಿನ್ ನಿಲ್ಲಿಸಬೇಕು, ಕಾಲಿನ ಚಪ್ಪಲಿ ಬಿಚ್ಚಬೇಕು, ಬೋಟು ತಾನಾಗಿ ತೇಲಿಕೊಂಡು ಹೋಗಿ ಸೇರಬೇಕು. ಬದುಕಿರುವವರ ಹತ್ತಿರ ಹದಿನೈದು ಮಾರಿಗೆ ನಿಲ್ಲಿಸಿದರೆ ಸಾಕು, ಅವರ ಕಾಲಿಗೆ ಫ್ಯಾನು ತಗಲದ ಹಾಗೆ. ಫ್ಯಾನಿನ ಬೋಟಿಗೆ ಇದು ಸರಿಯಾದ ಪದ್ಧತಿಯೇ. ಇಂಜಿನ್ ನಿಂತರೂ ಫ್ಯಾನು ಕೂಡಿಸಿದ ಅದರ ಉದ್ದನೆಯ ಕಾಲು ನೀರಿನೊಳಗೆ ಇರುತ್ತದೆ, ಹಿಡಿಯನ್ನು ತಿರುಗಿಸಿದರೆ ಆ ಕಾಲೇ ಚುಕ್ಕಾಣಿಯಾಗಿ ಬೋಟನ್ನು ತಿರುಗಿಸುತ್ತದೆ. ಆ ತಂದೆಯ ವಿಷಯ ಆದಮೇಲೆ ನಾನು ಎಲ್ಲರಿಗೂ ಮೂವತ್ತು ಮಾರು ಮಾಡಿಕೊಂಡೆ. ಬದುಕಿರಲಿ, ಸತ್ತಿರಲಿ, ಮನುಷ್ಯ ಕಂಡ ತಕ್ಷಣ ಬಲಗೈ ರೇಸು ಇಳಿಸುತ್ತಿತ್ತು, ಹೆಬ್ಬೆರಳು ಇಂಜಿನ್ ನಿಲ್ಲಿಸುವ ಕೆಂಪು ಗುಂಡಿ ಒತ್ತುತ್ತಿತ್ತು.

ಆದರೂ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಊಟಕ್ಕೆ ಕೂತರೆ ಪಂಚೆಯ ತುದಿ ಹಿಡಿದ ಹಾಗೇ ಆಗುತ್ತಿತ್ತು. ಫ್ಯಾನೇ ಇಲ್ಲದ ಜೆಟ್ ಬೋಟು ಇದೆಯಂತೆ, ನೀರನ್ನು ಅಡಿಯಿಂದ ಹೀರಿ ಹಿಂದಕ್ಕೆ ಚಿಮ್ಮಿಸಿಕೊಂಡು ಓಡುತ್ತದಂತೆ ಎಂದು ಫೋನಿನಲ್ಲಿ ನೋಡಿದೆ. ಗುತ್ತಿಗೆದಾರರ ಹತ್ತಿರ ಹೋದೆ.

"ಯಾಕ್ಲಾ, ಇರೋ ಬೋಟು ಓಡ್ತಾ ಇಲ್ವಾ?" ಅಂದರು.

ಹೆಣದ ಮಾತು ಆಡಿದರೆ ಅವರಿಗೆ ಹಿಡಿಸುವುದಿಲ್ಲ ಅಂತ ಗೊತ್ತಿತ್ತು. "ಫ್ಯಾನಿಗೆ ಬಲೆ ಹರೀತವೆ ಸಾರ್. ಬ್ಯಾಸಿಗೇಲಿ ನೀರು ಇಳಿದ್ರೆ ಬಂಡೆ ಹೊಡ್ದು ರೆಕ್ಕೆ ಮಡಿಸ್ಕೊತದೆ. ಜೆಟ್ ಆದ್ರೆ ಮೊಣಕಾಲು ನೀರಿದ್ರೆ ಸಾಕು" ಅಂದೆ. ಅದು ಸುಳ್ಳಲ್ಲ. ಇಂಜಿನ್ ಅದೇ ಇರಲಿ, ಕೆಳಗಿನ ಭಾಗ ಮಾತ್ರ ಬದಲಾಯಿಸೋಣ ಎಂದು ಒಪ್ಪಿಕೊಂಡರು.

ಸಮುದ್ರದ ಕಡೆಯಿಂದ ಒಬ್ಬ ಮೆಕ್ಯಾನಿಕ್ಕು ಜೆಟ್ ತಂದ. ತಮಿಳಿನವನು, ಮಾತು ಕಮ್ಮಿ. ನಾನೂ ಬೋಟಿಗೆ ಬರುವ ಮೊದಲು ಮೂಕಂಡಪಲ್ಲಿಯ ಒಂದು ಶೆಡ್ಡಿನಲ್ಲಿ ಲೇತ್ ನಡೆಸಿದವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದರೂ ಕಬ್ಬಿಣದ ವಿಷಯದಲ್ಲಿ ಯಾರೂ ನನಗೆ ಪಾಠ ಹೇಳಬೇಕಾಗಿಲ್ಲ ಅನ್ನುವ ಜಂಬ ನನಗಿತ್ತು. ಇಬ್ಬರೂ ಸೇರಿ ಹಳೆಯ ಕಾಲನ್ನು ಬಿಚ್ಚಿ, ಆ ಜಾಗಕ್ಕೆ ಜೆಟ್ಟಿನ ಡಬ್ಬಿ ಕೂಡಿಸಿದೆವು. ಅದರೊಳಗೆ ಒಂದು ಚಕ್ರ. ಚಕ್ರಕ್ಕೂ ಸುತ್ತಲಿನ ಗೋಡೆಗೂ ನಡುವೆ ಕಾಗದ ತೂರುವಷ್ಟೇ ಸಂದು ಇರಬೇಕು. ವಾಷರು ತೆಗೆದು, ಹಾಕಿ, ಮತ್ತೆ ತೆಗೆದು ಅದನ್ನು ಹೊಂದಿಸಲು ಅರ್ಧ ದಿನ ಹಿಡಿಯಿತು. ನೀರು ಹೀರುವ ಬಾಯಿ ಬೋಟಿನ ತಳಕ್ಕೆ ಸರಿಸಮವಾಗಿ ಕೂರಬೇಕು. ಮೊದಲ ಸಲ ಒಂದು ಬೆರಳು ಮೇಲಾಯಿತು. ನೀರಿನ ಬದಲು ಗಾಳಿ ಕುಡಿದು ಇಂಜಿನ್ ಕಿರುಚಿತು, ಬೋಟು ಕದಲಲಿಲ್ಲ. ಮತ್ತೆ ಬಿಚ್ಚಿದೆವು.

ಹೊರಡುವ ಮುಂಚೆ ಅವನು ಮೂರು ಸಲ ಒಂದೇ ಮಾತು ಹೇಳಿದ. "ತಣ್ಣಿ ಪೋನಾದಾನ್ ಬೋಟ್ ತಿರುಂಬುಂ." ನೀರು ಚಿಮ್ಮುತ್ತಿದ್ದರೆ ಮಾತ್ರ ಬೋಟು ತಿರುಗುತ್ತದೆ. ಇಂಜಿನ್ ನಿಂತರೆ ಇದಕ್ಕೆ ಚುಕ್ಕಾಣಿಯೇ ಇಲ್ಲ, ನೀರಿಗೆ ಇಳಿಬಿಟ್ಟ ಕಾಲೂ ಇಲ್ಲ. ನಿಲ್ಲಿಸಬೇಕಾದರೆ ರೇಸು ಇಳಿಸಬಾರದು, ಪಕ್ಕದ ಲಿವರನ್ನು ಎಳೆದು ಚಿಮ್ಮುವ ಬಾಯಿಗೆ ಮುಚ್ಚಳ ಅಡ್ಡ ತರಬೇಕು. ಮೂರನೆಯ ಸಲ ಹೇಳಿದಾಗ ನನಗೆ ಸಿಟ್ಟು ಬಂತು. ಗೊತ್ತಾಯಿತು, ನೀನು ಹೊರಡು ಅಂದೆ.

ಮಾರನೆಯ ದಿನವೇ ಹೋಗಿ ದಡದ ಮೆಟ್ಟಿಲಿಗೆ ಗುದ್ದಿದೆ. ದಡ ಬಂತು ಅಂತ ರೇಸು ಇಳಿಸಿದ್ದೆ. ಬೋಟಿನ ಮೂತಿಯಲ್ಲಿ ನಿಂತಿದ್ದ ಭಾವಮೈದ ನೀರಿಗೆ ಬಿದ್ದು ಎದ್ದು ಬಂದ.

"ಭಾವ, ಇದು ಬೋಟಲ್ಲ, ಹೊಸ ಸೊಸೆ. ಮುನಿಸ್ಕಂಡ್ರೆ ತಿರುಗಿ ಕೂಡ ನೋಡಲ್ಲ."

"ನಿಮ್ಮಕ್ಕನಿಗಿಂತ ವಾಸಿ ಬುಡ್ಲಾ" ಅಂದೆ. ದಡದಲ್ಲಿದ್ದವರೆಲ್ಲ ನಕ್ಕರು.

ಅವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಮ್ಮ ಊರಿನ ಒಬ್ಬ ಬಲೆಗಾರ. ಅರ್ಧ ಎಕರೆ ಹೊಲ, ಒಂದು ಕಂಪನಿಯಲ್ಲಿ ರಾತ್ರಿ ಕಾವಲು, ಹಗಲು ಹೊತ್ತು ಪರಿಸಲಿನಲ್ಲಿ ಹೋಗಿ ಬಲೆ ಬಿಡುವುದು. ಬುಟ್ಟಿಯಂಥ ಹರಿಗೋಲಿಗೆ ನಮ್ಮಲ್ಲಿ ಪರಿಸಲು ಅನ್ನುತ್ತೇವೆ. ನನ್ನ ಫ್ಯಾನಿಗೆ ಸಿಕ್ಕಿ ಅವನ ಎರಡು ಬಲೆ ಹರಿದಿದ್ದವು. ಹಾಗಾಗಿ ಜೆಟ್ ಬಂದದ್ದು ಅವನಿಗೆ ಬಹಳ ಖುಷಿ.

"ಅಣ್ಣೋ, ನಿನ್ ಬೋಟು ಉಚ್ಚೆ ಉಯ್ಕೊಂಡು ಓಡ್ತದಲ್ಲಾ" ಅಂದ.

"ಓಡ್ಲಿ ಬುಡು, ನಿನ್ ಬಲೆ ಉಳೀತಲ್ಲ."

"ಉಳೀತು. ನೀನು ನೂರು ವರ್ಷ ಬಾಳು ಹೋಗು."

ನಂತರದ ತೊಂದರೆ ಸೊಪ್ಪಿನದ್ದು. ಜೆಟ್ಟಿನ ಬಾಯಿಗೆ ಕಬ್ಬಿಣದ ಸರಳಿನ ಜಾಲರಿ ಇರುತ್ತದೆ, ಕಲ್ಲು ಒಳಗೆ ಹೋಗದಿರಲಿ ಅಂತ. ಅಂತರಗಂಗೆಯ ಬೇರು ಆ ಜಾಲರಿಗೆ ಮೆತ್ತಿಕೊಂಡರೆ ಬಾಯಿ ಕಟ್ಟಿದ ಹಾಗೆ. ಪ್ರತಿ ಸಲ ಇಂಜಿನ್ ನಿಲ್ಲಿಸಿ, ಬೋರಲು ಮಲಗಿ, ಕೈ ಹಾಕಿ ಕೀಳಬೇಕು. ನಾನು ಹಳೆಯ ಶೆಡ್ಡಿಗೆ ಹೋಗಿ ಬಾಚಣಿಗೆಯಂತೆ ಹಲ್ಲಿರುವ ಒಂದು ಸರಳು ಮಾಡಿಸಿಕೊಂಡು ಬಂದೆ. ಮೇಲಿನಿಂದ ತುಳಿದರೆ ಅದರ ಹಲ್ಲು ಜಾಲರಿಯ ಸಂದಿಗೆ ಇಳಿದು ಬೇರನ್ನು ತಳ್ಳುತ್ತದೆ. ಅದು ಚೆನ್ನಾಗಿ ಕೆಲಸ ಮಾಡಿತು. ದಿನಾ ಸಂಜೆ ಬೇರಿಂಗಿಗೆ ಗ್ರೀಸು ತುಂಬುವುದು, ಹೊಸ ಗ್ರೀಸು ಆಚೆ ಬರುವ ತನಕ. ಅದನ್ನೂ ಒಂದು ದಿನ ತಪ್ಪಿಸಲಿಲ್ಲ. ಎಣ್ಣೆ ಡಬ್ಬವನ್ನು ತೇಲಿಬಿಟ್ಟು ಅದರ ಹತ್ತಿರ ಹೋಗಿ ನಿಲ್ಲುವ ಅಭ್ಯಾಸ ಮಾಡಿದೆ. ಎಷ್ಟು ಸಲ ಹೋದರೂ ಸರಿಯಾಗಿ ನಿಂತಿತು. ಡಬ್ಬ ಮನುಷ್ಯ ಅಲ್ಲ ಎನ್ನುವುದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಆಷಾಢ ಬಂತು. ನಮ್ಮ ಕಡೆ ಆಷಾಢದ ಗಾಳಿ ಮಧ್ಯಾಹ್ನದ ಮೇಲೆ ಎದ್ದರೆ ಡ್ಯಾಮಿನ ನೀರು ಕೆರೆಯ ನೀರಿನ ಹಾಗಿರುವುದಿಲ್ಲ, ಅಲೆ ಏಳುತ್ತದೆ. ನಾಲ್ಕು ಗಂಟೆ ಇರಬೇಕು. ಏರಿಯ ಮೇಲೆ ಕುರಿ ಕಾಯುತ್ತಿದ್ದವನು ಓಡಿಬಂದು, "ಪರಿಸಲು ಮಗುಚ್ಕಂಡೈತೆ, ಒಬ್ನು ಅವ್ನೆ" ಅಂದ. ಎರಡು ನಿಮಿಷದಲ್ಲಿ ನಾವು ನೀರಿನ ಮೇಲಿದ್ದೆವು.

ದೂರದಿಂದಲೇ ಗುರುತು ಸಿಕ್ಕಿತು. ಆ ಬಲೆಗಾರನೇ. ಮಗುಚಿದ ಪರಿಸಲಿನ ಅಂಚನ್ನು ಎರಡು ಕೈಯಲ್ಲೂ ಹಿಡಿದಿದ್ದ. ಅವನದೇ ಬಲೆ ಕಾಲಿಗೆ ಸುತ್ತಿಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು. ನಮ್ಮನ್ನು ನೋಡಿ ಒಂದು ಕೈ ಎತ್ತಿದ.

"ಅಣ್ಣೋ, ಬಾ, ಬಾ."

"ಬಂದೆ ಕಣ್ಲಾ, ಹಿಡ್ಕ" ಅಂದೆ.

ಭಾವಮೈದ ಗಳ ಚಾಚಿದ. ಬೋಟು ಸರಿಯಾದ ದಾರಿಯಲ್ಲೇ ಹೋಗುತ್ತಿತ್ತು. ಮೂವತ್ತು ಮಾರು ದೂರ ಇರುವಾಗ ನನ್ನ ಬಲಗೈ ರೇಸು ಇಳಿಸಿತು, ಹೆಬ್ಬೆರಳು ಕೆಂಪು ಗುಂಡಿ ಒತ್ತಿತು. ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಆದರೆ ಮಾಡಿದ್ದು ನಾನೇ, ನನ್ನ ಕೈಯೇ. ಇಂಜಿನ್ ನಿಂತ ಮೇಲೆ ಗಾಳಿಯ ಶಬ್ದ ಮಾತ್ರ ಕೇಳಿಸಿತು. ಗಾಳಿ ಬೋಟಿನ ಮೂತಿಯನ್ನು ಎಡಕ್ಕೆ ತಳ್ಳಿತು. ಹಿಡಿಯನ್ನು ತಿರುಗಿಸಿದೆ. ಹಿಡಿ ಸಲೀಸಾಗಿ ತಿರುಗಿತು, ಬೋಟು ತಿರುಗಲಿಲ್ಲ.

ಅವನ ಕಣ್ಣಿಗೆ ಬೋಟು ಬರುತ್ತಲೇ ಇದೆ, ಗಳ ಚಾಚಿಕೊಂಡಿದೆ, ಎದುರಿಗೆ ನಾನಿದ್ದೇನೆ. ಅವನು ಪರಿಸಲು ಬಿಟ್ಟು ಗಳಕ್ಕೆ ಕೈ ಹಾಕಿದ. ಗಳದ ತುದಿಗೂ ಅವನ ಕೈಗೂ ನಡುವೆ ಒಂದು ಮಾರು ಇತ್ತು. ಬೋಟು ಅವನನ್ನು ದಾಟಿಕೊಂಡು ಹೋಯಿತು.

ಸ್ಟಾರ್ಟ್ ಮಾಡುವ ಹಗ್ಗ ಎಳೆದೆ, ಇಂಜಿನ್ ಹಿಡಿಯಲಿಲ್ಲ. ಎರಡನೆಯ ಸಲ ಎಳೆದೆ. ಮೂರನೆಯ ಸಲಕ್ಕೆ ಹಿಡಿಯಿತು. ತಿರುಗಿಸಿಕೊಂಡು ಬಂದಾಗ ಪರಿಸಲು ಒಂದೇ ತೇಲುತ್ತಿತ್ತು. ಭಾವಮೈದ ಹಾರಿ ಮುಳುಗಿದ, ಎದ್ದ, ಮತ್ತೆ ಮುಳುಗಿದ. ಕತ್ತಲಾಗುವ ತನಕ ಹುಡುಕಿದೆವು. ಬೆಳಿಗ್ಗೆ ಫೈರಿನವರು ಕೊಕ್ಕೆಗಳ ಪಾತಾಳಗರಡಿ ಹಾಕಿ ಅವನ ಹೆಣ ಎಳೆದರು. ಮುಖಕ್ಕೆ ಒಂದು ಗೀರೂ ಆಗಿರಲಿಲ್ಲ.

ಏರಿಯ ಮೇಲೆ ಪೊಲೀಸಿನವರು ಹೇಳಿಕೆ ಬರೆದುಕೊಳ್ಳುವ ಮುಂಚೆ ಭಾವಮೈದ ನನ್ನನ್ನು ಪಕ್ಕಕ್ಕೆ ಕರೆದ. "ಮಿಷನ್ ಕೈಕೊಡ್ತು ಅನ್ನು ಭಾವ. ಹೊಸಾದು, ಯಾರಿಗ್ ಗೊತ್ತಾಯ್ತದೆ? ಹೋದೋನು ಹೋದ." ಗುತ್ತಿಗೆದಾರರೂ ಅದನ್ನೇ ಅಂದರು. ಮಿಷನ್ನಿನ ಮೇಲೆ ಹಾಕಿದರೆ ಅದನ್ನು ವಾಪಸ್ಸು ಕೊಟ್ಟು ಹಳೆಯ ಫ್ಯಾನನ್ನೇ ಕೂಡಿಸಬಹುದು.

ಪೊಲೀಸ್ ಅಧಿಕಾರಿ ಪೆನ್ನು ಹಿಡಿದು ಕೇಳಿದರು. ಅವರದು ತಮಿಳು ಬೆರೆತ ಕನ್ನಡ. "ಇಂಜಿನ್ ಅದಾಗಿ ಆಫ್ ಆಚ್ಚಾ, ನೀನು ಮಾಡಿದ್ಯಾ?"

ಸುತ್ತ ನಮ್ಮೂರಿನವರೆಲ್ಲ ನಿಂತಿದ್ದರು. ಹೊಸೂರಿನಿಂದ ಜವಳಗಿರಿಯ ತನಕ ಎಲ್ಲಿ ಯಾರು ನೀರಿಗೆ ಬಿದ್ದರೂ ನನ್ನನ್ನೇ ಕರೆಸುತ್ತಾರೆ ಅನ್ನುವುದು ನನಗಿದ್ದ ಒಂದೇ ಆಸ್ತಿ.

"ಅದಾಗೇ ನಿಂತೋಯ್ತು ಸಾರ್" ಅಂದೆ.

ಐದನೆಯ ದಿನಕ್ಕೆ ಆ ಮೆಕ್ಯಾನಿಕ್ಕು ಬಂದ. ಎಲ್ಲವನ್ನೂ ಬಿಚ್ಚಿ ನೆಲದ ಮೇಲೆ ಚೀಲ ಹಾಸಿ ಇಟ್ಟ. ಚಕ್ರ ನೋಡಿದ, ಸಂದು ನೋಡಿದ, ಪೆಟ್ರೋಲಿನ ಪೈಪು ಊದಿದ, ಕೆಂಪು ಗುಂಡಿಯ ವೈರನ್ನು ಎಳೆದೆಳೆದು ನೋಡಿದ. ಗ್ರೀಸು ಮುಟ್ಟಿ ನೋಡಿ ನನ್ನ ಕಡೆ ತಿರುಗಿ ತಲೆ ಆಡಿಸಿದ, ಚೆನ್ನಾಗಿ ಇಟ್ಟುಕೊಂಡಿದ್ದೀಯ ಅನ್ನುವ ಹಾಗೆ. ಆಮೇಲೆ ಮತ್ತೆ ಕೂಡಿಸಿ ಒಂದು ಗಂಟೆ ಓಡಿಸಿದ. ಒಂದು ಸಲವೂ ನಿಲ್ಲಲಿಲ್ಲ. ದಡಕ್ಕೆ ಬಂದು ಕೈ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದ. ಅವನಿಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಯಿತು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

"ಇವನು ಓಡ್ಸಿದ್ದೇನು ನೋಡೋದು, ಬಿಚ್ಚಿ ಕೊಟ್ಟು ಕಳ್ಸು. ಫ್ಯಾನು ಕೂಡ್ಸು" ಅಂದರು ಗುತ್ತಿಗೆದಾರರು.

ಬಿಚ್ಚಿದೆ. ಹಳೆಯ ಕಾಲನ್ನು ಶೆಡ್ಡಿನ ಮೂಲೆಯಿಂದ ಹೊತ್ತು ತಂದೆ. ಮೇಲಿನ ರಾಡನ್ನು ಒಳಗೆ ತೂರಿಸಿ, ನೀರಿನ ಪೈಪನ್ನು ಅದರ ತೂತಿಗೆ ಹೊಂದಿಸಿ, ನಾಲ್ಕು ಬೋಲ್ಟು ಬಿಗಿಯಬೇಕು. ಎರಡು ಬಿಗಿದೆ. ಮೂರನೆಯದಕ್ಕೆ ಬಗ್ಗಿದಾಗ ಫ್ಯಾನು ನನ್ನ ಮುಖದ ಎದುರಿಗೇ ಇತ್ತು. ರೆಕ್ಕೆಯ ಅಂಚಿನಲ್ಲಿ ಒಂದು ಕಡೆ ಸಣ್ಣಗೆ ಮುಕ್ಕಾಗಿತ್ತು. ಕಲ್ಲಿಗೆ ಆದದ್ದೋ, ಆ ಕಂಪನಿ ಕೆಲಸಗಾರನನ್ನು ಹುಡುಕಿದ ದಿನ ಆದದ್ದೋ ಗೊತ್ತಿಲ್ಲ. ಇದನ್ನು ಕೂಡಿಸಿದರೆ ನಾಳೆ ಸೊಪ್ಪಿನ ಕೆಳಗೆ ಇನ್ನೊಬ್ಬರ ಮಗ ಇರುತ್ತಾನೆ. ಆಗಲೂ ನಾನು ಮೀನು ತಿಂದಿತು ಅನ್ನುತ್ತೇನೆ. ಒಂದು ತಪ್ಪಿಗೆ ಮೀನು, ಇನ್ನೊಂದಕ್ಕೆ ಮಿಷನ್ನು. ಸ್ಪ್ಯಾನರನ್ನು ಕೆಳಗಿಟ್ಟೆ.

"ಏನಾಯ್ತು ಭಾವ?"

"ಬಿಚ್ಲಾ. ಜೆಟ್ ಕೂಡ್ಸು. ನಾನು ಠಾಣೆಗೆ ಹೋಗ್ಬುಟ್ಟು ಬತ್ತೀನಿ."

"ತಲೆ ಕೆಟ್ಟೈತಾ ನಿಂಗೆ? ಊರೋರು ಉಗೀತಾರೆ."

"ಉಗೀಲಿ."

ಅಧಿಕಾರಿ ಪೂರ್ತಿ ಕೇಳಿಸಿಕೊಂಡರು. ಹಳೆಯ ಹೇಳಿಕೆಯ ಕೆಳಗೆ ಹೊಸದನ್ನು ಬರೆದುಕೊಂಡು ಸಹಿ ಹಾಕಿಸಿಕೊಂಡರು. "ಇದು ಆಕ್ಸಿಡೆಂಟೇಪ್ಪಾ. ಆದ್ರೆ ಮೊದಲೇ ಹೇಳಬೇಕಿತ್ತು" ಅಂದರು. ಗುತ್ತಿಗೆದಾರರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, "ಇನ್ ಮ್ಯಾಲೆ ನಿನ್ನ ನಂಬಿ ಯಾವನ್ಲಾ ಕೈ ಚಾಚ್ತಾನೆ?" ಅಂದರು. ಬೇರೆ ಬೋಟಿನವನು ಸಿಗಲಿಲ್ಲವಾದ್ದರಿಂದ ನನ್ನನ್ನು ಕೆಲಸ ಬಿಡಿಸಲಿಲ್ಲ, ಜೆಟ್ಟನ್ನೂ ತೆಗೆಸಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಆ ಬಲೆಗಾರನ ಮನೆಗೆ ಹೋದೆ. ಅವನ ಹೆಂಡತಿ, ಗುಲಾಬಿ ಬೆಳೆಯುವ ಶೆಡ್ಡಿನಲ್ಲಿ ಹೂ ಕೀಳುವ ಹೆಣ್ಣುಮಗಳು. ಜಗುಲಿಯ ಮೇಲೆ ಕೂತು ಪೊಲೀಸಿನವರು ವಾಪಸ್ಸು ಕೊಟ್ಟಿದ್ದ ಬಲೆಯಿಂದ ಸೀಸದ ಗುಂಡುಗಳನ್ನು ಒಂದೊಂದೇ ಬಿಡಿಸಿ ತಟ್ಟೆಗೆ ಹಾಕುತ್ತಿದ್ದಳು. ಬೆರಳ ತುಂಬ ಗುಲಾಬಿ ಮುಳ್ಳಿನ ಹಳೆಯ ಗಾಯಗಳು.

"ಕೂತ್ಕ ಅಣ್ಣ."

"ನಿಂತೇ ಇರ್ತೀನಿ ಕಣವ್ವ."

"ಮಿಷನ್ ನಿಂತೋಯ್ತಂತೆ."

"ಇಲ್ಲ ಕಣವ್ವ. ನಾನೇ ನಿಲ್ಲಿಸ್ದೆ."

ಎಲ್ಲವನ್ನೂ ಹೇಳಿದೆ. ಮೂವತ್ತು ಮಾರಿನ ಪದ್ಧತಿ, ಮೆಕ್ಯಾನಿಕ್ಕು ಮೂರು ಸಲ ಹೇಳಿದ್ದು, ಕೈ ಗುಂಡಿ ಒತ್ತಿದ್ದು, ಏರಿಯ ಮೇಲೆ ಪೊಲೀಸಿನವರಿಗೆ ಸುಳ್ಳು ಹೇಳಿದ್ದು. ಅವಳು ಗುಂಡು ಬಿಡಿಸುವುದನ್ನು ನಿಲ್ಲಿಸಲಿಲ್ಲ. ನನ್ನ ಮಾತು ಮುಗಿದ ಮೇಲೂ ನಾಲ್ಕೈದು ಗುಂಡು ತಟ್ಟೆಗೆ ಬಿದ್ದವು.

"ನಂಗೆ ಒಂದೇ ತಿಳೀನಿಲ್ಲ" ಅಂದಳು. "ಅವ್ರು ಪರಿಸಲು ಯಾಕ್ ಬುಟ್ರು? ಹಿಡ್ಕಂಡಿದ್ರೆ ಉಳ್ಕತಿದ್ದ, ದುಡುಕ್ಬುಟ್ಟ ಅಂತಾರೆ ಊರೋರು. ಕುಡ್ದಿದ್ನೇನೋ ಅಂತ ನಮ್ಮತ್ತೆ ಮುಂದೇನೇ ಅಂದ್ರು. ಅವ್ರು ಕುಡೀತಿರ್ನಿಲ್ಲ."

"ಕುಡ್ದಿರ್ನಿಲ್ಲ ಕಣವ್ವ. ಚೆನ್ನಾಗೇ ಕೂಗ್ದ ನನ್ನ. ಬೋಟು ಬಂತು, ನಾನು ಇದೀನಿ ಅಂತ ನೋಡ್ಬುಟ್ಟೇ ಬುಟ್ಟಿದ್ದು. ಬೋಟು ನೆಟ್ಟಗೆ ಹೋಗಿದ್ರೆ ಅವ್ನು ಮಾಡಿದ್ದೇ ಸರಿ."

ಅವಳ ಕೈ ನಿಂತಿತು.

"ಹಂಗಾದ್ರೆ ಅವ್ರದ್ದೇನೂ ತಪ್ಪಿಲ್ಲ."

"ಇಲ್ಲ."

"ಇದ್ನ ಹೊರಗೂ ಹೇಳ್ತೀಯಾ? ಅಂಗಡಿ ಮುಂದೆ, ಹಾಲಿನ ಡೈರಿ ಹತ್ರ?"

"ಹೇಳ್ತೀನಿ."

ಒಳಗಿನಿಂದ ಅತ್ತೆ ಕೆಮ್ಮಿದರು. ಅವರು ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ಹೊರಗೆ ಬರಲಿಲ್ಲ.

"ನಾಳೆ ಯಾರಾರ ಬಿದ್ರೆ ನೀನೇ ಹೋಗು" ಅಂದಳು. "ನಿನ್ ಬುಟ್ರೆ ಇಲ್ಲಿ ಯಾರವ್ರೆ? ಆದ್ರೆ ಈ ಬೀದೀಲಿ ಬರಬ್ಯಾಡ ಅಣ್ಣ. ನಿನ್ ನೋಡಿದ್ರೆ ನಂಗೆ ಅವ್ರು ಕೈ ಬುಟ್ಟಿದ್ದೇ ಕಾಣ್ತದೆ."

ಸಾವಿನ ಮನೆಯಲ್ಲಿ ಹೋಗಿಬರುತ್ತೇನೆ ಅನ್ನಬಾರದು. ಸುಮ್ಮನೆ ತಿರುಗಿ ನಡೆದೆ. ಅವತ್ತು ಸಂಜೆ ಡೈರಿಯ ಹತ್ತಿರ ಹಾಲು ಹಾಕಲು ಬಂದವರ ಮುಂದೆ ಹೇಳಿದೆ. ಅಂಗಡಿಯ ಮುಂದೆಯೂ ಹೇಳಿದೆ. ಕೆಲವರು ತಲೆ ತಗ್ಗಿಸಿದರು. ಒಬ್ಬ ಎದ್ದು ಹೋದ.

ಡ್ಯಾಮಿಗೆ ನಮ್ಮ ಮನೆಯಿಂದ ಆ ಬೀದಿಯೇ ಹತ್ತಿರದ ದಾರಿ, ಹತ್ತು ನಿಮಿಷದ ನಡಿಗೆ. ಅದು ಬಿಟ್ಟರೆ ಉದ್ದನಪಲ್ಲಿ ರಸ್ತೆಗೆ ಹತ್ತಿ, ಟೊಮೇಟೊ ತೋಟಗಳ ಹಿಂದೆ ಕಾಲುವೆಯ ಏರಿ ಹಿಡಿದು ಸುತ್ತಿಕೊಂಡು ಬರಬೇಕು. ಅರ್ಧ ಗಂಟೆ ಹಿಡಿಯುತ್ತದೆ. ನೀರಿಗೆ ಬಿದ್ದವರು ಅರ್ಧ ಗಂಟೆ ಕಾಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಬೇಗ ಸುತ್ತಿಕೊಂಡು ಬಂದುಬಿಟ್ಟರೆ ಕತ್ತಲಾಗುವ ತನಕ ಬೋಟಿನ ಶೆಡ್ಡಿನಲ್ಲೇ ಇರುತ್ತೇನೆ. ಮಧ್ಯಾಹ್ನದ ಮುದ್ದೆಯನ್ನು ಭಾವಮೈದ ಅಲ್ಲಿಗೇ ತಂದುಕೊಡುತ್ತಾನೆ.